ಸಿಎನ್‌ಸಿ ಕಾಲದಲ್ಲಿ ಹಳೇ ಲೇತ್ ಕಲಿಯಬೇಕಾ?

ನಮಸ್ಕಾರ. ನಿಮ್ಮ ತಮ್ಮ ಐಟಿಐ ಮಷಿನಿಸ್ಟ್ ಮುಗಿಸಿದ್ದಾನೆ, ಈಗೆಲ್ಲಾ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಮಿನಿಂದ ನಡೆಯುವ ಮಷಿನ್) ಅಲ್ವಾ, ಹಳೇ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ, ಕೈಯಿಂದ ನಡೆಸುವ ಮಷಿನ್) ಮೇಲೆ ಒಂದು ವರ್ಷ ಯಾಕೆ ಎಂದು ಕೇಳಿದ್ದೀರಿ. ಖಂಡಿತ ಕಲಿಯಲಿ. ನಾನು ಪೀಣ್ಯದಲ್ಲಿ ಎಚ್‌ಎಂಟಿ ಲೇತ್ ಮೇಲೆ ಶುರು ಮಾಡಿದವನು, ಈಗ ಸಿಎನ್‌ಸಿ ನಡೆಸುತ್ತೇನೆ.

ಮೊದಲ ವರ್ಷ 100 ಮಿ.ಮೀ. ವ್ಯಾಸದ ಉಕ್ಕಿನ ಶಾಫ್ಟ್ ಒಂದನ್ನು ಟರ್ನಿಂಗ್ ಮಾಡಿದ್ದೆ, ಅಂದರೆ ಲೇತ್‌ನಲ್ಲಿ ಕಡೆದಿದ್ದೆ. ಮೈಕ್ರೋಮೀಟರಿನಲ್ಲಿ ಅಳತೆ ಸರಿಯಾಗಿತ್ತು. ಊಟ ಮಾಡಿ ಬಂದು ನೋಡಿದರೆ 0.02 ಮಿ.ಮೀ. ಕಡಿಮೆ! ಬೇರಿಂಗ್ ಸಡಿಲ, ಶಾಫ್ಟ್ ಗುಜರಿಗೆ. ಜಾಬ್ (ಕಡೆಯುವ ತುಂಡು) ಬಿಸಿ ಇದ್ದಾಗಲೇ ಅಳೆದಿದ್ದೆ. 20 ಡಿಗ್ರಿ ಬಿಸಿ ಏರಿದರೆ ಅಷ್ಟು ದಪ್ಪದ ಉಕ್ಕು ಸುಮಾರು 23 ಮೈಕ್ರಾನ್, ಅಂದರೆ 0.023 ಮಿ.ಮೀ. ಹಿಗ್ಗುತ್ತದೆ. ಮೇಸ್ತ್ರಿ ಬೈಯಲಿಲ್ಲ. ಮುಂದಿನ ಜಾಬ್ ಆದ ಮೇಲೆ ಮಷಿನ್ ನಿಲ್ಲಿಸಿ, ನನ್ನ ಅಂಗೈ ಅದರ ಮೇಲೆ ಇಡಿಸಿದರು. "ತಣ್ಣಗಾಗಲಿ, ಆಮೇಲೆ ಅಳೆ" ಅಂದರು.

ಸಿಎನ್‌ಸಿಯಲ್ಲೂ ಇದೇ ಕಥೆ. ಪ್ರೋಗ್ರಾಮ್ ಸರಿಯಿದ್ದರೂ ಟೂಲ್ ಸವೆಯುತ್ತದೆ, ಅಳತೆ ಮೆಲ್ಲಗೆ ಜಾರುತ್ತದೆ. ಅಳೆದು ಆಫ್‌ಸೆಟ್ (ಟೂಲ್ ಸವೆತ ಸರಿದೂಗಿಸಲು ಮಷಿನ್‌ಗೆ ಕೊಡುವ ಅಳತೆ) ಬದಲಿಸುವವನು ಮನುಷ್ಯನೇ. ಟೂಲ್ ನಡುಗುವ ಸದ್ದು, ಚಿಪ್‌ನ (ಕಡೆಯುವಾಗ ಬರುವ ಲೋಹದ ಸಿಪ್ಪೆಯ) ಬಣ್ಣ, ಇವೆಲ್ಲ ಲೇತ್ ಮುಂದೆ ನಿಂತೇ ಕಿವಿಗೆ, ಕಣ್ಣಿಗೆ ಹತ್ತಬೇಕು. ಹೈಸ್ಪೀಡ್ ಸ್ಟೀಲ್ ಟೂಲಿನಲ್ಲಿ ಉಕ್ಕಿನ ಚಿಪ್ ನೀಲಿಯಾದರೆ ವೇಗ ಜಾಸ್ತಿ ಎಂದರ್ಥ; ಅದಕ್ಕಿಂತ ಹೆಚ್ಚು ಬಿಸಿ ತಾಳುವ ಕಾರ್ಬೈಡ್ ಟೂಲಿನಲ್ಲಿ ಅದೇ ನೀಲಿಗೆ ಹೆದರಬೇಕಿಲ್ಲ.

ಆರು ತಿಂಗಳಾದರೂ ಲೇತ್ ಮೇಲೆ ಬಿಡಿ. ಒಂದು ಮಾತು ಅವನಿಗೆ ಈಗಲೇ ಹೇಳಿ: ತಿರುಗುವ ಜಾಬ್ ಹತ್ತಿರ ಗ್ಲೌಸ್ ಬೇಡ, ಚಕ್ ಕೀಯನ್ನು (ಜಾಬ್ ಹಿಡಿಯುವ ಚಕ್ ಬಿಗಿ ಮಾಡುವ ಕೀಲಿ) ಚಕ್‌ನಲ್ಲೇ ಬಿಟ್ಟು ಮಷಿನ್ ಆನ್ ಮಾಡುವುದು ಬೇಡವೇ ಬೇಡ.