ಮನೆಯ ಹತ್ತಿರದ ದಂತವೈದ್ಯರನ್ನು ಆರಿಸುವುದು ಹೇಗೆ?

ಪ್ರಶ್ನೆ: ಹುಬ್ಬಳ್ಳಿಯಿಂದ ಬಂದು ಮುಂಬೈ ಬಳಿಯ ಡೊಂಬಿವಲಿಯಲ್ಲಿ ನೆಲೆಸಿದ್ದೇವೆ. 68 ವರ್ಷದ ನನ್ನ ತಾಯಿಗೆ ದವಡೆ ಹಲ್ಲು ನೋಯುತ್ತಿದೆ. ಸಕ್ಕರೆ ಕಾಯಿಲೆಯಿದೆ, ರಕ್ತ ಹೆಪ್ಪುಗಟ್ಟದಿರಲು ಮಾತ್ರೆಯನ್ನೂ ನುಂಗುತ್ತಾರೆ. ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ನಮ್ಮ ರಸ್ತೆಯಲ್ಲೇ ನಾಲ್ಕೈದು ದಂತ ಚಿಕಿತ್ಸಾಲಯಗಳಿವೆ. ಯಾರಲ್ಲಿಗೆ ಹೋಗಬೇಕು?

ಉತ್ತರ: ರೂಟ್ ಕೆನಾಲ್‌ಗೆ (ಹಲ್ಲಿನ ಬೇರಿನೊಳಗನ್ನು ಶುಚಿಗೊಳಿಸಿ ತುಂಬುವ ಚಿಕಿತ್ಸೆಗೆ) ಅನೇಕ ವೇಳೆ ಎರಡು ಮೂರು ಸಲ ಹೋಗಬೇಕಾಗುತ್ತದೆ, ಹಲ್ಲಿನ ಸೆಟ್ಟಿಗೆ ಇನ್ನೂ ಹೆಚ್ಚು. ಆದ್ದರಿಂದ ಮುಂಬೈಯ ದಾದರಿನಲ್ಲಿ ಹೆಸರುವಾಸಿ ವೈದ್ಯರಿದ್ದಾರೆಂದು ತಾಯಿಯವರನ್ನು ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಕರೆದೊಯ್ಯುವುದಕ್ಕಿಂತ ನಿಮ್ಮ ರಸ್ತೆಯ ಸಾಮಾನ್ಯ ದಂತವೈದ್ಯರೇ ಮೇಲು. ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿದ್ದರೆ ಲಿಫ್ಟ್ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ವೈದ್ಯರಿಗೆ ದಂತವೈದ್ಯಕೀಯದ ಬಿಡಿಎಸ್ ಪದವಿ ಇರಬೇಕು. ಕಾನೂನಿನ ಪ್ರಕಾರ ರಾಜ್ಯದ ದಂತ ಪರಿಷತ್ತಿನಲ್ಲಿ ಅವರ ಹೆಸರು ನೋಂದಾಯಿತವಾಗಿರಬೇಕು. ಎಂಡಿಎಸ್ ಎನ್ನುವುದು ಯಾವುದಾದರೊಂದು ವಿಭಾಗದ ಪರಿಣತಿ. ಹುಳುಕು ತುಂಬಿಸಲು, ಹಲ್ಲು ಶುಚಿಗೊಳಿಸಲು ಅದು ಬೇಕಿಲ್ಲ.

ನಿಜವಾದ ಪರೀಕ್ಷೆ ನಡೆಯುವುದು ಮೊದಲ ಭೇಟಿಯಲ್ಲಿ. ಬಾಯಿ ತೆರೆಯಿರಿ ಎನ್ನುವ ಮೊದಲು ಯಾವ ಮಾತ್ರೆ ನುಂಗುತ್ತೀರಿ, ಸಕ್ಕರೆ ಎಷ್ಟಿದೆ, ಹಿಂದೆ ಹಲ್ಲು ಕೀಳಿಸಿದಾಗ ರಕ್ತ ಬೇಗ ನಿಂತಿತೇ ಎಂದು ವಿಚಾರಿಸುವವರನ್ನು ನಂಬಬಹುದು. ಇದಾವುದನ್ನೂ ಕೇಳದೆ, ಎಕ್ಸ್‌ರೇ ಕೂಡ ತೆಗೆಯದೆ, ಮೂರು ರೂಟ್ ಕೆನಾಲ್ ಮತ್ತು ಮೂರು ಕ್ಯಾಪುಗಳ ಲೆಕ್ಕ ಒಪ್ಪಿಸುವವರಿಂದ, ಅವರ ಕುರ್ಚಿ ಎಷ್ಟೇ ಹೊಳೆಯುತ್ತಿರಲಿ, ನಯವಾಗಿ ಎದ್ದು ಬರುವುದು ಒಳ್ಳೆಯದು. ಉಪಕರಣಗಳನ್ನು ಮೊಹರಾದ ಚೀಲದಿಂದ ನಿಮ್ಮೆದುರೇ ಬಿಚ್ಚುತ್ತಾರೆಯೇ ಗಮನಿಸಿ. ಆಟೋಕ್ಲೇವ್‌ನಲ್ಲಿ ಹಬೆಗೊಡ್ಡಿ ಕ್ರಿಮಿರಹಿತಗೊಳಿಸಿದ ಚೀಲದ ಮೇಲಿನ ಸೂಚಕ ಗುರುತು ಬಣ್ಣ ಬದಲಿಸಿರುತ್ತದೆ. ಕೆಲವು ಚಿಕಿತ್ಸಾಲಯಗಳಿಗೆ ತಜ್ಞರು ವಾರದ ನಿಗದಿತ ದಿನಗಳಲ್ಲಿ ಮಾತ್ರ ಬಂದುಹೋಗುವುದುಂಟು. ಅದು ತಪ್ಪಲ್ಲ, ಆದರೆ ಚಿಕಿತ್ಸೆ ಮಾಡುವವರು ಯಾರು, ಮರುದಿನ ನೋವು ಬಂದರೆ ನೋಡುವವರು ಯಾರು ಎಂಬುದನ್ನು ತಿಳಿದುಕೊಂಡೇ ಒಪ್ಪಿಗೆ ಕೊಡಿ. ಖರ್ಚನ್ನು ಬರೆಸಿಕೊಳ್ಳಿ, ಎಕ್ಸ್‌ರೇ ಪ್ರತಿಯನ್ನು ಕೇಳಿ ಪಡೆಯಿರಿ.

ಲೆಕ್ಕ ದೊಡ್ಡದೆನಿಸಿದರೆ, ಆ ಎಕ್ಸ್‌ರೇ ಹಿಡಿದು ಮುಂಬೈ ಸೆಂಟ್ರಲ್ ಬಳಿಯ ಪಾಲಿಕೆಯ ನಾಯರ್ ದಂತ ಕಾಲೇಜಿನಲ್ಲೋ ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರದ ಸರ್ಕಾರಿ ದಂತ ಕಾಲೇಜಿನಲ್ಲೋ ಎರಡನೆಯ ಅಭಿಪ್ರಾಯ ಕೇಳಬಹುದು. ಸರದಿ ಉದ್ದವಿರುತ್ತದೆ, ಬೆಳಿಗ್ಗೆ ಬೇಗ ಹೊರಡಿ.

ಭಾಷೆಯ ಚಿಂತೆ ಸಹಜವೇ. ಮಂಗಳೂರು, ಮಣಿಪಾಲಗಳಲ್ಲಿ ಓದಿ ಬಂದು ಮುಂಬೈ ಆಸುಪಾಸಿನಲ್ಲಿ ವೃತ್ತಿ ನಡೆಸುವ ಕನ್ನಡ ಬಲ್ಲ ವೈದ್ಯರಿದ್ದಾರೆ. ಕನ್ನಡ ಸಂಘದವರನ್ನು ವಿಚಾರಿಸಿ. ಆದರೆ ಕನ್ನಡ ಬರುತ್ತದೆಂಬ ಒಂದೇ ಕಾರಣಕ್ಕೆ ಉಳಿದದ್ದನ್ನೆಲ್ಲ ಮನ್ನಿಸಬೇಡಿ. ನೀವು ಜೊತೆಗಿದ್ದು ಮಾತ್ರೆಗಳ ಚೀಟಿ ತೋರಿಸಿದರೆ ಅರ್ಧ ಕೆಲಸ ಆದಂತೆ. ಹಲ್ಲು ಕೀಳಬೇಕಾಗಬಹುದೆಂದು ರಕ್ತ ಹೆಪ್ಪುಗಟ್ಟದಿರಲು ನುಂಗುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಕೂಡದು. ಅದನ್ನು ಆ ಮಾತ್ರೆ ಬರೆದುಕೊಟ್ಟ ವೈದ್ಯರೂ ದಂತವೈದ್ಯರೂ ಸೇರಿ ನಿರ್ಧರಿಸಲಿ. ಈ ನಡುವೆ ಕೆನ್ನೆ ಅಥವಾ ಗದ್ದದ ಕೆಳಗೆ ಊತ ಹರಡಿ, ಜ್ವರ ಬಂದು, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ, ಈ ಹುಡುಕಾಟವನ್ನೆಲ್ಲ ಬದಿಗಿಟ್ಟು ಅಂದೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.