ಲಾಡ್ಜ್, ಬಸ್‌ಸ್ಟ್ಯಾಂಡ್ ವೈಫೈ ಬಳಸಿ ಕೆಲಸ ಮಾಡ್ತೀನಿ, ಯಾವ ವಿಪಿಎನ್ ಕೊಳ್ಳಲಿ?

ಯಾವುದೂ ಬೇಡ. ವಿಪಿಎನ್ ಅಂದರೆ ನಿಮ್ಮ ನೆಟ್ ಓಡಾಟವನ್ನು ಮುಚ್ಚಿ ಸಾಗಿಸುವ ಆಪ್. ಹುಬ್ಬಳ್ಳಿಯಿಂದ ಗದಗ, ಹಾವೇರಿ ಅಂತ ಲ್ಯಾಪ್‌ಟಾಪ್ ಹೊತ್ತು ತಿರುಗ್ತೀನಿ ಅಂದಿದ್ದೀರಿ. ನಾನೂ ಹಾಗೇ ತಿರುಗಿದವನು. ಅಡತಿ ಅಂಗಡಿಗಳ ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್ ಹಾಕುವುದು ನನ್ನ ಕೆಲಸ.

ಅವತ್ತು 20ನೇ ತಾರೀಖು, 3ಬಿ ಅನ್ನುವ ತಿಂಗಳ ಜಿಎಸ್‌ಟಿ ರಿಟರ್ನ್ ಹಾಕಲು ಕೊನೆಯ ದಿನ. ಗದಗದ ಒಂದು ಲಾಡ್ಜ್‌ನಲ್ಲಿದ್ದೆ. ಫೋನಿನ ಡೇಟಾ ಮುಗಿದಿತ್ತು. ವೈಫೈ ಪಟ್ಟಿಯಲ್ಲಿ ಲಾಡ್ಜ್ ಹೆಸರು ಎರಡು ಸಲ ಕಂಡಿತು. ಒಂದಕ್ಕೆ ಬೀಗದ ಗುರುತು ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಕೆಳಗಿಳಿದು ಪಾಸ್‌ವರ್ಡ್ ಕೇಳಲು ಬೇಸರವಾಗಿ ಬೀಗವಿಲ್ಲದ್ದನ್ನೇ ಒತ್ತಿದೆ. ಒಂದು ಪುಟ ತೆರೆಯಿತು. ನಿಮ್ಮ ಇಮೇಲ್, ಅದರ ಪಾಸ್‌ವರ್ಡ್ ಹಾಕಿ ಅಂತ ಇತ್ತು. ಹಾಕಿದೆ. ನೆಟ್ ಬಂತು, ರಿಟರ್ನೂ ಹೋಯಿತು.

ನನ್ನ ತಪ್ಪು ಇಲ್ಲೇ ಇದೆ, ಸ್ವಲ್ಪ ಬಿಡಿಸಿ ಹೇಳ್ತೀನಿ. ವೈಫೈ ಬಳಸಿದ್ದಕ್ಕಿಂತ ದೊಡ್ಡ ತಪ್ಪು ಆ ಪುಟವನ್ನು ನಂಬಿದ್ದು. ಈಗ ಬ್ಯಾಂಕು, ಜಿಎಸ್‌ಟಿ ಪೋರ್ಟಲ್, ಮೇಲ್ ಎಲ್ಲವೂ ಎಚ್‌ಟಿಟಿಪಿಎಸ್, ಅಂದರೆ ಮಾಹಿತಿ ಗುಪ್ತಲಿಪಿಯಲ್ಲಿ ಹೋಗುತ್ತದೆ. ನಡುವೆ ಕೂತವನಿಗೆ ನೀವು ಯಾವ ಸೈಟಿಗೆ ಹೋದಿರಿ ಅಂತ ಗೊತ್ತಾದೀತು, ಒಳಗೆ ಏನು ಟೈಪ್ ಮಾಡಿದಿರಿ ಅಂತ ಕಾಣುವುದಿಲ್ಲ. ಲಾಡ್ಜ್ ಹೆಸರಿಟ್ಟು ಬೀಗವಿಲ್ಲದ ವೈಫೈ ಹಾಕಿದ್ದ ಕಳ್ಳ ಏನನ್ನೂ ಒಡೆದು ಕದಿಯಲಿಲ್ಲ. ನಾನೇ ಕೈಯಾರೆ ಕೊಟ್ಟೆ. ವೈಫೈ ಕೊಡುವವರು ರೂಮ್ ನಂಬರ್ ಕೇಳಬಹುದು. ಹುಬ್ಬಳ್ಳಿ ರೈಲ್ವೆ ಸ್ಟೇಷನ್ನಿನ ವೈಫೈ ರೈಲ್‌ವೈರ್ ಕೇಳುವುದೂ ಮೊಬೈಲ್ ನಂಬರ್, ಓಟಿಪಿ ಅಷ್ಟೇ. ನನ್ನ ಮೇಲ್‌ನ ಪಾಸ್‌ವರ್ಡ್ ಅವರಿಗೆ ಯಾಕೆ ಬೇಕು? ಆಗ ಇದು ಹೊಳೆಯಲೇ ಇಲ್ಲ. ವಿಪಿಎನ್ ಇದ್ದಿದ್ದರೂ ಇದೇ ಆಗುತ್ತಿತ್ತು. ಅದು ಚಾಲೂ ಆಗುವುದು ನೆಟ್ ಬಂದ ಮೇಲೆ, ಈ ಪುಟ ಬರುವುದು ಅದಕ್ಕೂ ಮೊದಲು.

ಹತ್ತು ಹನ್ನೆರಡು ದಿನದ ಮೇಲೆ ಹೆಸರುಕಾಳಿನ ಸಾಹುಕಾರರೊಬ್ಬರ ಫೋನ್. "ನಿಮ್ಮ ಹೊಸಾ ಖಾತೆಗೆ ರೊಕ್ಕ ಹಾಕೀನ್ರಿ, ಮುಟ್ಟೇತೇನ್ರಿ?" ನನಗೆ ಯಾವ ಹೊಸ ಖಾತೆಯೂ ಇರಲಿಲ್ಲ. ನನ್ನದೇ ಮೇಲ್‌ನಿಂದ ಅವರಿಗೆ ಪತ್ರ ಹೋಗಿತ್ತು. ಸೆಟ್ಟಿಂಗ್ಸ್ ತೆರೆದರೆ ನಾನು ಮಾಡದ ಒಂದು ಫಿಲ್ಟರ್. 'ಪೇಮೆಂಟ್' ಅನ್ನುವ ಪದ ಇರುವ ಮೇಲ್‌ಗಳೆಲ್ಲ ನೇರ ಟ್ರ್ಯಾಶ್‌ಗೆ ಹೋಗುತ್ತಿದ್ದವು. ಅವರು ಕೇಳಿದ್ದ "ಖಾತೆ ಯಾಕೆ ಬದಲಾಯಿತು" ಅನ್ನುವ ಮೇಲ್ ಅಲ್ಲಿ ಓದದೇ ಬಿದ್ದಿತ್ತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆವು. ಅಷ್ಟರಲ್ಲಿ 18,000 ರೂಪಾಯಿ ತೆಗೆದಾಗಿತ್ತು. ಅಷ್ಟನ್ನೂ ನಾನೇ ಕೊಟ್ಟೆ. ಸಾಹುಕಾರರು ಬೈಯಲಿಲ್ಲ, ಮುಂದಿನ ತಿಂಗಳು ಲೆಕ್ಕದ ಪುಸ್ತಕ ಬೇರೆಯವರಿಗೆ ಕೊಟ್ಟರು. ಹನ್ನೊಂದು ವರ್ಷದ ಗಿರಾಕಿ. ಇವತ್ತಿಗೂ ಆ ಓಣಿಯಲ್ಲಿ ಹೋಗುವಾಗ ಸಂಕಟ ಆಗುತ್ತದೆ.

ಹಾಗಾಗಿ ವಿಪಿಎನ್ ದುಡ್ಡಲ್ಲಿ ಡೇಟಾ ಹಾಕಿಸಿಕೊಳ್ಳಿ, ನಿಮ್ಮ ಫೋನಿನ ಹಾಟ್‌ಸ್ಪಾಟ್‌ನಲ್ಲೇ ಕೆಲಸ ಮಾಡಿ. ರಿಟರ್ನ್ ಹಾಕಲು ಡೇಟಾ ಜಾಸ್ತಿ ಬೇಕಿಲ್ಲ. ಫೋನಿನಿಂದ ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ ನೆಟ್ ಕೊಟ್ಟರೆ ಫೋನಿನ ಬ್ಯಾಟರಿಯೂ ಉಳಿಯುತ್ತದೆ. ಹಳೆಯ ವೈಫೈ ಹೆಸರುಗಳನ್ನು ಅಳಿಸಿಬಿಡಿ. ಹಿಂದೆ ಬೀಗವಿಲ್ಲದ ವೈಫೈ ಸೇರಿದ್ದರೆ, ಅದೇ ಹೆಸರಿನ ಬೀಗವಿಲ್ಲದ ಇನ್ನೊಂದು ಹತ್ತಿರ ಬಂದಾಗ ಫೋನ್ ನಿಮ್ಮನ್ನು ಕೇಳದೆಯೇ ಸೇರಿಕೊಳ್ಳಬಹುದು. ಮೇಲ್‌ಗೆ ಎರಡು ಹಂತದ ಲಾಗಿನ್ ಹಾಕಿ. ನನಗೆ ಅದೊಂದು ಇದ್ದಿದ್ದರೆ ಬರೀ ಪಾಸ್‌ವರ್ಡ್ ಹಿಡಿದುಕೊಂಡು ಅವನು ಒಳಗೆ ಬರಲು ಆಗುತ್ತಿರಲಿಲ್ಲ.

ಇಷ್ಟು ದಿನ ಲಾಡ್ಜ್ ವೈಫೈ ಬಳಸಿದ್ದೀರಿ ಅಲ್ವಾ? ಇವತ್ತು ರಾತ್ರಿಯೇ ಮೇಲ್ ಸೆಟ್ಟಿಂಗ್ಸ್ ತೆರೆದು ಫಿಲ್ಟರ್, ಫಾರ್ವರ್ಡಿಂಗ್ ಎರಡನ್ನೂ ನೋಡಿ. ನೀವು ಮಾಡದ್ದು ಏನಾದರೂ ಇದ್ದರೆ ಮೊದಲು ಪಾಸ್‌ವರ್ಡ್ ಬದಲಿಸಿ, ಆಮೇಲೆ ಗಿರಾಕಿಗಳಿಗೆಲ್ಲ ಒಂದೊಂದು ಫೋನ್ ಮಾಡಿ.