ರೊಟ್ಟಿ ಪ್ರಾಜೆಕ್ಟಿಗೆ ಪೌಡರ್ ಕಂಪನಿ ರೊಕ್ಕ ತಗೋಬೇಕೋ ಬ್ಯಾಡೋ?

ಪ್ರಶ್ನೆ: ಅಕ್ಕಾರ, ನಾ ಧಾರವಾಡದಾಗ ನ್ಯೂಟ್ರಿಷನ್ ಎಂಎಸ್ಸಿ ಮಾಡಾಕತ್ತೀನ್ರಿ. ಜ್ವಾಳದ ರೊಟ್ಟಿಯೊಳಗಿನ ಅಮೈನೊ ಆಸಿಡ್ (ಪ್ರೋಟೀನ್ ಕಟ್ಟೋ ತುಣುಕು) ಮ್ಯಾಲೆ ಪ್ರಾಜೆಕ್ಟ್ ಮಾಡೂದೈತಿ, ಲ್ಯಾಬ್ ಖರ್ಚಿಗೆ ರೊಕ್ಕಿಲ್ಲ. ಪ್ರೋಟೀನ್ ಪೌಡರ್ ಮಾರೋ ಕಂಪನಿಯವ್ರು ಕೊಡ್ತೀವಿ ಅಂದಾರ. ತಗೋಬಹುದಾ, ಬ್ಯಾರೆ ಕಡೆ ಸಿಗ್ತದಾ?
— ಓದುಗಿ, ಸಪ್ತಾಪುರ

ಉತ್ತರ: ತಂಗೀ, ಕಂಪನಿ ರೊಕ್ಕ ಅಂದಕೂಡ್ಲೇ ಮೂಗು ಮುರೀಬ್ಯಾಡ. ಅಮೈನೊ ಆಸಿಡ್ ರಿಸರ್ಚಿಗೆ ಅದನ್ನ ತಯಾರಿಸೋವ್ರೂ ರೊಕ್ಕ ಹಾಕ್ತಾರ, ಗೋಬಿ ಮಂಚೂರಿ ಗಾಡಿ ಹತ್ರ ಹೆಸರು ಕೇಳಿರ್ತೀಯಲ್ಲ, ಆ ಜಪಾನಿನ ಅಜಿನೊಮೊಟೊ ಕಂಪನೀನೂ ಗ್ರಾಂಟ್ ಕೊಡ್ತದ. ರಿಸಲ್ಟ್ ಉಲ್ಟಾ ಬಂದ್ರೂ ಪಬ್ಲಿಶ್ ಮಾಡಾಕ ಬಿಡ್ತೀರೇನು ಅಂತ ಕೇಳು, ಬರದು ಕೊಡ್ಲಿಲ್ಲಂದ್ರ ಕೈ ಮುಗದು ಬಂದ್ಬಿಡು.

ಜ್ವಾಳದಾಗ ಕಮ್ಮಿ ಇರೋ ಅಮೈನೊ ಆಸಿಡ್ ಅಂದ್ರ ಲೈಸಿನ್, ಅದು ಮನುಷ್ಯಾಗ ಎಷ್ಟು ಬೇಕು ಅನ್ನೋ ಸ್ಟಡಿಗಾದ್ರ ದೊಡ್ಡ ಗ್ರಾಂಟೇ ಬೇಕು, ಗುರುತಿಗಂತ ತುಸು ಭಾರದ ಕಾರ್ಬನ್-13 ಇರೋ ಅಮೈನೊ ಆಸಿಡ್ ಕೊಟ್ಟು 24 ತಾಸು ಉಸುರು ಅಳ್ಯೂದು ಅಂದ್ರ ಸುಮ್ನ ಅಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್‌ನಾಗ ಅನುರ ಕುರ್ಪಾಡ್ ಅವ್ರ ತಂಡ ಇಂಥಾದ್ದ ಮಾಡಿತ್ತು, 1985ರಾಗ ಕೆಜಿ ತೂಕಕ್ಕ ದಿನಕ್ಕ 12 ಮಿಲಿಗ್ರಾಂ ಸಾಕು ಅಂದಿದ್ದ ಡಬ್ಲ್ಯುಎಚ್‌ಒ ಇಂಥಾ ಸ್ಟಡಿ ನೋಡಿ 2007ರ ರಿಪೋರ್ಟಿನ್ಯಾಗ 30 ಅಂತು. 60 ಕೆಜಿ ಆಸಾಮಿಗೆ 1,800 ಮಿಲಿಗ್ರಾಂ ಆತು, 100 ಗ್ರಾಂ ಜ್ವಾಳದ ಹಿಟ್ಟಿನ್ಯಾಗ ಸಿಗೂದು ಸುಮಾರು 200, ಲೈಸಿನ್ ಹೆಚ್ಚಿರೋ ಮಡಿಕಿಕಾಳು ಪಲ್ಯ ಜೋಡಿಗೆ ಯಾಕ ಬೇಕು ತಿಳೀತಲ್ಲ.

ನಿನ್ನ ಪ್ರಾಜೆಕ್ಟಿಗೆ ಅಷ್ಟೆಲ್ಲಾ ಬ್ಯಾಡ. ಹಸಿ ಜ್ವಾಳದ ಲೆಕ್ಕ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಎನ್‌ಐಎನ್‌ನವ್ರ 2017ರ ಟೇಬಲ್‌ನಾಗ ಐತಿ, ಅದಕ್ಕ ಮತ್ತ ರೊಕ್ಕ ಸುರೀಬ್ಯಾಡ. ಹಂಚಿನ ಕಾವಿಗೆ ಲೈಸಿನ್ನು ಸಕ್ಕರಿ ಅಂಶದ ಜೋಡಿ ಕೂಡಿ ಒಂದಿಷ್ಟು ಮೈಗೆ ಹತ್ತದಂಗ ಆಗ್ತದ, ಹಂಗಾಗಿ ಹಿಟ್ಟು, ಬಿಸಿ ರೊಟ್ಟಿ, ಕಟಕ್ ರೊಟ್ಟಿ ಮೂರನ್ನೂ ಹೋಲಿಸು, ಲ್ಯಾಬಿನವ್ರಿಗೆ ಬರೇ ಒಟ್ಟು ಲೈಸಿನ್ ಅನ್ನಬ್ಯಾಡ, ಅವೈಲೆಬಲ್ ಲೈಸಿನ್ (ಮೈಗೆ ಹತ್ತೂವಷ್ಟು) ಟೆಸ್ಟ್ ಅಂತ ಕೇಳು. ಇನ್ನೊಂದು, ಸ್ಯಾಂಪಲ್ ಆಸಿಡ್‌ನಾಗ 110 ಡಿಗ್ರಿಗೆ 24 ತಾಸು ಕುದಿಸಿದ್ರ ಟ್ರಿಪ್ಟೊಫಾನ್ ಅನ್ನೋ ಇನ್ನೊಂದು ಅಮೈನೊ ಆಸಿಡ್ ನಾಶ ಆಗ್ತದ, ಅದನ್ನ ಕ್ಷಾರ ಹಾಕಿ ಬ್ಯಾರೆ ಮಾಡಸ್ಬೇಕು, ಇಲ್ಲಾಂದ್ರ ರೊಟ್ಟಿಯೊಳಗ ಟ್ರಿಪ್ಟೊಫಾನೇ ಇಲ್ಲ ಅಂತ ಥೀಸಿಸ್ ಬರದು ವೈವಾದಾಗ ಕುಂದರ್ತಿ.

ಎಎನ್‌ಆರ್‌ಎಫ್, ಡಿಬಿಟಿ, ಐಸಿಎಂಆರ್, ನಮ್ಮ ರಾಜ್ಯದ ವಿಜಿಎಸ್‌ಟಿ ಅಂತ ರಿಸರ್ಚಿಗೆ ರೊಕ್ಕ ಕೊಡೋ ಸರ್ಕಾರಿ ಸಂಸ್ಥೆ ಎಲ್ಲಾ ಅದಾವ, ಆದ್ರ ಪ್ರಾಜೆಕ್ಟ್ ಗ್ರಾಂಟಿಗೆ ಅರ್ಜಿ ನಿಮ್ಮ ಗೈಡ್ ಹೆಸರಿನ್ಯಾಗ ಹೋಗ್ಬೇಕು, ಅದು ಮಂಜೂರಾಗೂದ್ರಾಗ ನಿನ್ನ ಕೋರ್ಸೇ ಮುಗದಿರ್ತದ. ಅದಕ್ಕ ಟೆಸ್ಟ್ ಫೀಸಷ್ಟ ಡಿಪಾರ್ಟ್‌ಮೆಂಟಿನ್ಯಾಗ ಮೊದ್ಲು ಕೇಳು. ಕಂಪನೀದೇ ತಗೊಂಡ್ರ ಯುನಿವರ್ಸಿಟಿ ಅಕೌಂಟಿಗೆ ಹಾಕ್ಸು, ನಿನ್ನ ಫೋನ್‌ಪೇಗೆ ಬ್ಯಾಡ, ಮತ್ತ ಥೀಸಿಸ್‌ನಾಗ ಅವ್ರ ಹೆಸರು ಕಾಣೂ ಹಂಗ ಹಾಕು.